ಮೃದಂಗನಾದವೂ ಧ್ವನಿವರ್ಧಕವೂ

ಕರ್ಣಾಟಕ ಸಂಗೀತದ ಕಚೇರಿಗೆ ಹೋಗತಕ್ಕ ಇಂದಿನ ರಸಿಕರಿಗೆ, ಮೃದಂಗದ ಎರಡು ಮುಖಗಳ ಎದುರಿಗೂ ಒಂದೊಂದು ಮೈಕು ಕತ್ತು ಬಾಗಿಸಿಕೊಂಡು ನಿಂತಿರುವ ನೋಟವು ಅತಿ ಪರಿಚಿತವಾದುದು. ಗಾಯಕರಿಗೊಂದು, ಪಿಟೀಲಿಗೊಂದು, ಮೃದಂಗಕ್ಕೆ ಎರಡು ಎಂಬುದು ಈಗ ಸಂಪ್ರದಾಯವೇ ಆಗಿಬಿಟ್ಟಿರುವುದು. ಈ ವಾದ್ಯವು ಶತಮಾನಗಳ ಕಾಲ ಇವುಗಳ ಹಂಗಿಲ್ಲದೆಯೇ ಬಾಳಿತೆಂಬ ಮಾತು ನೆನಪಿಗೆ ಬರುವುದೇ ಅಪರೂಪ. ಧ್ವನಿವರ್ಧಕವು ಮೃದಂಗದ ಬಳಿಗೆ ಯಾವ ದಾರಿಯಿಂದ ಬಂದಿತು, ಬಂದು ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಾನು ವಾದಕನಲ್ಲ, ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನೋದಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಆದರೆ ಸಂಗೀತದಲ್ಲಿ ಕೇಳುವವನಿಗೂ ಒಂದು ಪಾಲುಂಟಷ್ಟೆ.

ಚರ್ಮವಾದ್ಯಗಳ ಹುಟ್ಟನ್ನು ಕುರಿತು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವ ಕಥೆಯು ಬಹು ಸೊಗಸಾಗಿದೆ. ಅನಧ್ಯಾಯದ ಒಂದು ದಿನ ಸ್ವಾತಿಮುನಿಯು ನೀರು ತರಲು ಕೊಳಕ್ಕೆ ಹೋದನಂತೆ. ಆಗ ಮಳೆ ಹಿಡಿಯಿತು. ದೊಡ್ಡವು, ನಡುತರದವು, ಸಣ್ಣವು ಎಂದು ಬಗೆಬಗೆಯಾಗಿದ್ದ ತಾವರೆಯೆಲೆಗಳ ಮೇಲೆ ಹನಿಗಳು ಬಿದ್ದು, ಒಂದೊಂದರಿಂದ ಒಂದೊಂದು ಬಗೆಯ ನಾದ ಹೊರಟಿತು. ಮುನಿಯು ಅದನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಆಶ್ರಮಕ್ಕೆ ಬಂದು, ವಿಶ್ವಕರ್ಮನ ನೆರವಿನಿಂದ ಮೃದಂಗವೇ ಮೊದಲಾದ ಪುಷ್ಕರವಾದ್ಯಗಳನ್ನು ನಿರ್ಮಿಸಿದನು. (ರಜಾದಿನವು ವಿದ್ಯೆಗೆ ಹಾನಿಯೆಂದು ದೂರುವ ತಂದೆತಾಯಿಗಳು ಈ ಕಥೆಯನ್ನು ಗಮನಿಸಬಹುದು.) ನಾವು ಇಲ್ಲಿ ನೋಡಬೇಕಾದುದೇನೆಂದರೆ, ಮೃದಂಗದ ಮೂಲವನ್ನು ಹೇಳಹೊರಟ ಮುನಿಗೆ ಗುಡುಗಿನ ನೆನಪು ಬರಲಿಲ್ಲ, ಎಲೆಯ ಮೇಲಣ ಮಳೆಹನಿಯ ನೆನಪು ಬಂದಿತು. ಈ ವಾದ್ಯದ ಸತ್ತ್ವವಿರುವುದು ಆರ್ಭಟದಲ್ಲಲ್ಲ, ನಾದಭೇದದಲ್ಲಿ.

ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಪ್ರೇಕ್ಷಾಗೃಹದ ಅಳತೆಗಳಿವೆ. ಮನುಷ್ಯರಿಗೆ ತಕ್ಕುದೆಂದು ಭರತನು ಹೇಳುವ ಮಧ್ಯಮ ಗೃಹದ ಉದ್ದ ೬೪ ಹಸ್ತ, ಅಗಲ ೩೨ ಹಸ್ತ. ಒಂದು ಹಸ್ತವನ್ನು ಸುಮಾರು ಒಂದೂವರೆ ಅಡಿಯೆಂದೆಣಿಸಿದರೆ ೯೬ ಅಡಿಯ ಉದ್ದ, ೪೮ ಅಡಿಯ ಅಗಲ. ಅದರಲ್ಲಿ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಹೋದರೆ, ಪ್ರೇಕ್ಷಕರಿಗೆ ಉಳಿಯುವುದು ೪೮ ಅಡಿಯ ಚೌಕ. ಇದಕ್ಕಿಂತ ದೊಡ್ಡದಾಗಿ ಕಟ್ಟಬಾರದೆಂಬುದಕ್ಕೆ ಆತನು ಕೊಡುವ ಕಾರಣವು ವಿಚಾರಾರ್ಹವಾದುದು: ಅತಿ ವಿಸ್ತಾರವಾದ ಗೃಹದಲ್ಲಿ ಪಾಠ್ಯವು ಸ್ವರಗೆಟ್ಟು ಅಸ್ಪಷ್ಟವಾಗುವುದು, ಮುಖದ ಭಾವಗಳು ಕಾಣದೆ ಹೋಗುವುವು. ಅಂದರೆ ಪ್ರಾಚೀನರು ಮನುಷ್ಯನ ಕಂಠವನ್ನೂ ಕಿವಿಯನ್ನೂ ಅಳತೆಗೋಲಾಗಿಟ್ಟುಕೊಂಡು ಗೋಡೆಯನ್ನೆಬ್ಬಿಸಿದರು. ನಾವಾದರೋ ಮೊದಲು ಗೋಡೆಯನ್ನೆಬ್ಬಿಸಿ, ಆಮೇಲೆ ಕಂಠವನ್ನು ಹಿಗ್ಗಿಸುವ ಉಪಾಯವನ್ನು ಹುಡುಕಿದೆವು. ಧ್ವನಿವರ್ಧಕದ ಚರಿತ್ರೆಯೆಲ್ಲ ಈ ತಿರುಗುಮುರುಗಿನಲ್ಲಿಯೇ ಅಡಗಿದೆಯೆಂದು ನನ್ನ ಮತ.

ಅರಮನೆಯ ಹಜಾರ, ದೇವಾಲಯದ ಮಂಟಪ, ಧನಿಕರ ಮನೆಯ ತೊಟ್ಟಿ, ಇವು ನಮ್ಮ ಸಂಗೀತದ ಹಿಂದಣ ನೆಲೆಗಳು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರವು ಆ ಕಾಲದ ಅಳತೆಯನ್ನು ಇಂದಿಗೂ ತೋರಿಸುವುದು. ಅಂಥ ಸ್ಥಳದಲ್ಲಿ ಮೃದಂಗವು ಕೇಳಿಸುವುದೋ ಇಲ್ಲವೋ ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಗಾಯಕನ ದನಿಯನ್ನು ಮುಚ್ಚದಂತೆ ನುಡಿಸುವುದು ಹೇಗೆಂಬುದೇ ವಾದಕನ ಚಿಂತೆಯಾಗಿದ್ದಿತು. ಕುಳಿತುಕೊಳ್ಳುವ ಕ್ರಮದಲ್ಲಿಯೂ ಲೆಕ್ಕಾಚಾರವಿದ್ದಿತು. ಮೃದಂಗದವರು ಗಾಯಕರ ಬಲಕ್ಕೆ, ಗಾಯಕರ ಕಡೆಗೆ ತಿರುಗಿ ಕುಳಿತರೆ, ವಾದ್ಯದ ಬಲಮುಖವು ತಾನಾಗಿಯೇ ಸಭೆಯ ಕಡೆಗಾಗುವುದು. ಎಡಗೈ ಅಭ್ಯಾಸದವರಾಗಿದ್ದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು (೧೯೦೮-೧೯೬೨) ಇದೇ ಕಾರಣದಿಂದ ಇನ್ನೊಂದು ಪಕ್ಕಕ್ಕೆ ಕುಳಿತುಕೊಳ್ಳಬೇಕಾಗಿ ಬಂದು, ಪಿಟೀಲಿನವರ ಸ್ಥಾನಪಲ್ಲಟದ ಪ್ರಶ್ನೆ ಏಳುತ್ತಿದ್ದಿತು.

ಟಿಕೆಟ್ಟು ಕೊಂಡು ಕೇಳುವ ಸಭೆಗಳು ಬಂದಾಗ ಈ ಹೊಂದಿಕೆ ತಪ್ಪಿತು. ಕೇಳುವವರು ಇನ್ನೂರರಿಂದ ಸಾವಿರಕ್ಕೇರಿದರು. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ನಾದದ ಬಲವು ಕಾಲುಭಾಗಕ್ಕಿಳಿಯುವುದೆಂಬುದು ಭೌತಶಾಸ್ತ್ರದ ನಿಯಮ. ಚಪ್ಪರದಲ್ಲಿ ಹಿಂದೆ ಕುಳಿತವರಿಗೆ ಈ ನಿಯಮದ ಪರಿಚಯವು ಶಾಸ್ತ್ರವಿಲ್ಲದೆಯೇ ಆಗುತ್ತಿದ್ದಿತು. ಗಾಯಕರು ಹಾರ್ಮೋನಿಯಮ್ಮಿನ ನಾಲ್ಕನೆಯ ಐದನೆಯ ಮನೆಗಳಿಗೆ ಶ್ರುತಿಯನ್ನೇರಿಸಿ, ಕಂಠಬಿಚ್ಚಿ ಹಾಡಿ ಹಿಂದಣ ಸಾಲನ್ನು ಮುಟ್ಟಲು ಯತ್ನಿಸಿದರು. ಪಿಟೀಲಿಗೆ ಆ ಸೌಕರ್ಯವೂ ಇರಲಿಲ್ಲ. ಆದುದರಿಂದಲೇ ನಮ್ಮ ತಿರುಮಕೂಡಲು ಚೌಡಯ್ಯನವರು, ಕೃಷ್ಣಪ್ಪನವರ ಶಿಷ್ಯರು, ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ ಸಪ್ತತಂತ್ರಿಯ ಪಿಟೀಲನ್ನು ಬಳಕೆಗೆ ತಂದರು. ಇದು ೧೯೨೦ರ ದಶಕದ ಮಾತು. ಚೌಡಯ್ಯನವರ ಈ ಯತ್ನವನ್ನು ಧ್ವನಿವರ್ಧಕದ ಚರಿತ್ರೆಯ ಕನ್ನಡ ಅಧ್ಯಾಯವೆಂದು ಕರೆಯಲು ನಾನು ಹಿಂಜರಿಯೆನು. ವಿದ್ಯುತ್ತಿನ ನೆರವಿಲ್ಲದೆ ವಾದ್ಯದೊಳಗಿನಿಂದಲೇ ದನಿಯನ್ನು ಬೆಳೆಸಿದ ಜಾಣ್ಮೆಯದು.

ಮೃದಂಗದವರ ಉಪಾಯಗಳು ಇಷ್ಟು ಪ್ರಸಿದ್ಧವಾಗಲಿಲ್ಲ. ಹೆಚ್ಚಿನ ಶ್ರುತಿಗೆ ಹೊಂದುವ ಚಿಕ್ಕ ಮೃದಂಗದ ಮುಚ್ಚಿಗೆಯು ಬಿಗುವಾಗಿದ್ದು ಅದರ ನಾದವು ಚುರುಕಾಗಿ ದೂರಕ್ಕೆ ಹೋಗುವುದು. ಬಲಮುಖದ ಚರ್ಮದ ಪದರಗಳ ನಡುವೆ ಕಲ್ಲಿನ ಸಣ್ಣ ಚೂರುಗಳನ್ನೋ ಕಡ್ಡಿಯ ಎಳೆಗಳನ್ನೋ ಸೇರಿಸಿದರೆ ಪ್ರತಿಯೊಂದು ಪೆಟ್ಟಿಗೂ ಒಂದು ಝೇಂಕಾರದ ಅಂಚು ಬರುವುದು. ಜನಸಂದಣಿಯ ಗುಜುಗುಜುವಿನ ಮೇಲೆ ತೇಲಿ ಹೋಗುವುದು ಈ ಅಂಚೇ. ಎಡಮುಖಕ್ಕೆ ರವೆಯ ಮುದ್ದೆಯನ್ನು ಮೆತ್ತಿ ಅದರ ತಗ್ಗುನಾದವನ್ನು ಹದಗೊಳಿಸುವ ಕ್ರಮವಂತೂ ಬಹು ಹಳೆಯದು. ನದೀತೀರದ ನುಣುಪಾದ ಮೃತ್ತಿಕೆಯನ್ನು ಲೇಪಿಸಬೇಕೆಂದೂ, ಅದು ದೊರೆಯದಾಗ ಗೋಧಿಯ ಅಥವಾ ಯವದ ಹಿಟ್ಟನ್ನು ಬಳಸಬಹುದೆಂದೂ ಭರತನು ಹೇಳಿರುವನು. ಅಡಿಗೆಮನೆಯ ರವೆಯು ಸಂಗೀತಕ್ಕೆ ಬಂದುದು ಹೀಗೆ ಶಾಸ್ತ್ರಸಮ್ಮತವಾಗಿಯೇ.

ಇನ್ನು ಯಂತ್ರದ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ೧೯೧೫ರಲ್ಲಿ ಅಮೆರಿಕದ ಜೆನ್ಸನ್ ಮತ್ತು ಪ್ರಿಡ್ಹಾಮ್ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಭಾರಿ ಜನಸಮೂಹಕ್ಕೆ ಧ್ವನಿವರ್ಧಕದಿಂದ ಮಾತನ್ನೂ ಹಾಡನ್ನೂ ಕೇಳಿಸಿದರು. ಮರುವರ್ಷವೇ ವೆಂಟೆ ಎಂಬ ವಿಜ್ಞಾನಿಯು ಸೂಕ್ಷ್ಮನಾದವನ್ನು ಹಿಡಿಯಬಲ್ಲ ಕಂಡೆನ್ಸರ್ ಮೈಕನ್ನು ಸಿದ್ಧಪಡಿಸಿದನು. ನಮ್ಮ ಸಂಗೀತವು ಯಂತ್ರಕ್ಕೆ ಸಿಕ್ಕಿದುದು ಅದಕ್ಕೂ ಮೊದಲೇ, ಗ್ರಾಮಫೋನಿನ ಮೂಲಕ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ಮುದ್ರಿಸಿದುದು ಪ್ರಸಿದ್ಧವಾಗಿದೆ. ಆಕೆಯು ಕೊನೆಗಾಲದಲ್ಲಿ ಮೈಸೂರಿಗೆ ಬಂದು ೧೯೩೦ರಲ್ಲಿ ಇಲ್ಲಿಯೇ ದೇಹಬಿಟ್ಟಳು. ಆ ದಿನಗಳ ಮುದ್ರಣದಲ್ಲಿ ತುತ್ತೂರಿಯಂಥ ಒಂದು ಕೊಳವೆಯೇ ಕಿವಿಯಾಗಿದ್ದಿತು. ಆ ಕಿವಿಗೆ ಮಂದ್ರದ ನಾದವು ಕೇಳುತ್ತಲೇ ಇರಲಿಲ್ಲವೆನ್ನಬಹುದು. ಹಳೆಯ ತಟ್ಟೆಗಳಲ್ಲಿ ಮೃದಂಗವು ದೂರದಲ್ಲಿ ಯಾರೋ ಹಲಗೆ ತಟ್ಟಿದಂತೆ ಕೇಳಿಸುವುದಕ್ಕೆ ವಾದಕರು ಕಾರಣರಲ್ಲ. ೧೯೨೫ರಿಂದೀಚೆಗೆ ವಿದ್ಯುತ್ತಿನ ಮುದ್ರಣವು ಬಂದಮೇಲೆಯೇ ಎಡಮುಖದ ನಾದವು ತಟ್ಟೆಯ ಮೇಲೇರಿತು.

ಮೈಸೂರಿನವರಿಗೆ ಮೈಕಿನ ಸಂಗೀತವು ಪರಿಚಿತವಾದುದು ೧೯೩೫ರಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. ಅದಕ್ಕೆ ಆಕಾಶವಾಣಿಯೆಂಬ ಹೆಸರಾಯಿತು. ಪುರಾಣಗಳಲ್ಲಿ ಅಶರೀರವಾಣಿಯೆಂಬ ಅರ್ಥದಲ್ಲಿ ನಾವು ಓದುತ್ತಿದ್ದ ಶಬ್ದವು ಮುಂದೆ ದೇಶಕ್ಕೆಲ್ಲ ಬಾನುಲಿಯ ಹೆಸರಾದುದು ಸಂಸ್ಕೃತಜ್ಞರಿಗೆ ಹೆಮ್ಮೆಯ ವಿಷಯ. ಬಾನುಲಿಯ ಕೊಠಡಿಯೂ ಒಂದು ಬಗೆಯ ತೊಟ್ಟಿಯೇ: ಕೇಳುವ ಜನರಿಲ್ಲದ, ಸದ್ದಿಲ್ಲದ, ಅಳತೆಯಲ್ಲಿ ಚಿಕ್ಕದಾದ ಸ್ಥಳ. ಅಲ್ಲಿ ಮೈಕು ವಾದ್ಯವನ್ನು ಹೇಗಿದೆಯೋ ಹಾಗೆಯೇ ಕೇಳಿಸಿಕೊಂಡು ಕಳುಹಿಸಬಹುದಾಗಿದ್ದಿತು.

ಕಚೇರಿಯ ವೇದಿಕೆಯಲ್ಲಿ ಅದು ಬೇರೆಯೇ ಕೆಲಸವನ್ನು ಮಾಡಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ೧೯೩೯ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಉತ್ಸವವು ಕೋಟೆ ಹೈಸ್ಕೂಲಿನ ಬಯಲಿನ ಚಪ್ಪರಕ್ಕೆ ಬೆಳೆದುದು ಎಲ್ಲರಿಗೂ ತಿಳಿದಿದೆ. ಅಂಥ ಜನಸಾಗರಕ್ಕೆ ಬರಿಯ ಕಂಠವು ಸಾಲದು. ಧ್ವನಿವರ್ಧಕವು ಅನಿವಾರ್ಯವಾಯಿತು. ಆದರೆ ಮೊದಮೊದಲು ವೇದಿಕೆಗೆ ಬಂದುದು ಒಂದೇ ಮೈಕು. ಅದು ನಿಂತುದು ಗಾಯಕರ ಮುಂದೆ. ಮೃದಂಗಕ್ಕೆ ಸಿಕ್ಕಿದುದು ಅದರ ಓರೆಗಿವಿ ಮಾತ್ರ. ಇಲ್ಲಿಯೇ ತೊಡಕು ಆರಂಭವಾಯಿತು. ಹಿಂದೆ ಗಾಯಕರ ದನಿಗೂ ಮೃದಂಗದ ನಾದಕ್ಕೂ ಇದ್ದ ತೂಕವು ಪ್ರಕೃತಿಯಿಂದ ಬಂದುದು. ಗಾಯಕರು ಏರಿಸಿದರೆ ವಾದಕರು ಏರಿಸುವರು, ಅವರು ಇಳಿಸಿದರೆ ಇವರೂ ಇಳಿಸುವರು. ಈಗ ಒಂದು ತಟ್ಟೆಯಲ್ಲಿ ಮಾತ್ರ ಕಲ್ಲನ್ನಿಟ್ಟಂತಾಯಿತು.

ಅದಕ್ಕಿಂತಲೂ ದೊಡ್ಡ ಪರಿಣಾಮವು ನಿಧಾನವಾಗಿ ಬಂದಿತು. ಮೈಕು ಮೆಲುದನಿಯನ್ನೂ ಹಿಂದಣ ಸಾಲಿಗೆ ಮುಟ್ಟಿಸುವುದಾದರೆ ಕೂಗಿ ಹಾಡಬೇಕಾದುದೇಕೆ? ಗಾಯಕರ ಶ್ರುತಿಯು ಇಳಿಯುತ್ತ ಬಂದಿತು; ಎರಡನೆಯ ಮನೆ, ಒಂದನೆಯ ಮನೆ. ಗಮಕದ ಕುಸುರಿಗೆ, ಸಾಹಿತ್ಯದ ಭಾವಕ್ಕೆ ಇದರಿಂದಾದ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಗಾಯಕರು ಇಳಿದರೆ ಮೃದಂಗವೂ ಇಳಿಯಬೇಕಷ್ಟೆ, ಅದರ ಬಲಮುಖವು ಅವರ ಷಡ್ಜಕ್ಕೆ ಕಟ್ಟಿದ್ದು. ತಗ್ಗು ಶ್ರುತಿಗೆ ಹಲಸಿನ ಮರದ ಕೊಳಗವು ಉದ್ದವಾಗಬೇಕು, ಮುಖವು ಅಗಲವಾಗಬೇಕು. ಚುರುಕಾದ ಚಿಕ್ಕ ಮೃದಂಗದ ಬದಲಿಗೆ ಗಂಭೀರವಾದ ದೊಡ್ಡ ಮೃದಂಗವು ಹೆಚ್ಚು ಬಳಕೆಗೆ ಬಂದಿತು. ಇದರ ನಾದವು ಹತ್ತಿರದಲ್ಲಿ ಮನೋಹರ; ಆದರೆ ದೂರಕ್ಕೆ ಚಿಕ್ಕದರಷ್ಟು ಚೂಪಾಗಿ ಹೋಗದು. ಹೀಗೆ ಗಾಯಕರಿಗಾಗಿ ಬಂದ ಮೈಕು, ತನಗೆ ಅಗತ್ಯವೇ ಇಲ್ಲದಿದ್ದ ಮೃದಂಗಕ್ಕೆ ಅಗತ್ಯವನ್ನು ತಾನೇ ಹುಟ್ಟಿಸಿತು. ಆಗ ಅದಕ್ಕೂ ಒಂದು ಮೈಕು ಬಂದಿತು; ಆಮೇಲೆ ಎರಡಾದುವು.

ಆ ಎರಡು ಮೈಕುಗಳು ಹಿಡಿಯಬೇಕಾದುದು ಏನನ್ನು ಎಂಬುದನ್ನು ತಿಳಿಯಬೇಕಾದರೆ ಸರ್ ಸಿ. ವಿ. ರಾಮನ್ನರನ್ನು ಕೇಳಬೇಕು. ಅವರು ಶಿವಕಾಲಿ ಕುಮಾರರೊಡನೆ ೧೯೨೦ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ವಿಚಾರವನ್ನು ಬರೆದಿದ್ದರು. ಬೆಂಗಳೂರಿಗೆ ಬಂದಮೇಲೆ, ತಾವು ೧೯೩೪ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಮೊದಲ ಸಂಪುಟದಲ್ಲಿಯೇ ಅದನ್ನು ವಿಸ್ತರಿಸಿದರು. ಸಾಮಾನ್ಯವಾದ ಡೋಲಿನ ಚರ್ಮವನ್ನು ಹೊಡೆದರೆ ಏಳುವ ಕಂಪನಗಳು ಒಂದಕ್ಕೊಂದು ಶ್ರುತಿಸಂಬಂಧವಿಲ್ಲದವು. ಆದುದರಿಂದ ಅದು ಸದ್ದು, ಸ್ವರವಲ್ಲ. ಮೃದಂಗದ ಬಲಮುಖದ ನಡುವೆ ಪದರಪದರವಾಗಿ ಹಾಕಿ ಉಜ್ಜಿದ ಕಪ್ಪು ಕರಣೆಯ ಭಾರವು ಆ ಕಂಪನಗಳನ್ನು ಹದ್ದಿಗೆ ತಂದು, ಮೂಲಸ್ವರ, ಅದರ ಇಮ್ಮಡಿ, ಮುಮ್ಮಡಿ ಎಂಬ ಕ್ರಮದಲ್ಲಿ ಐದು ಸ್ವರಗಳನ್ನು ತಂತಿವಾದ್ಯದಂತೆ ನುಡಿಸುವುದೆಂದು ರಾಮನ್ನರು ತೋರಿಸಿದರು. ಚರ್ಮದ ಮೇಲೆ ಮರಳನ್ನು ಉದುರಿಸಿ, ಪೆಟ್ಟಿಗೆ ತಕ್ಕಂತೆ ಮರಳು ರಚಿಸುವ ಗೆರೆಗಳಿಂದ ಇದನ್ನು ಕಣ್ಣಿಗೆ ಕಾಣಿಸಿದರು. ವಾದಕರು ಉಂಗುರಬೆರಳನ್ನು ಮೆಲ್ಲನೆ ಊರಿ ತೋರುಬೆರಳಿನಿಂದ ಅಂಚನ್ನು ಮೀಟುವುದು, ಈ ಐದರಲ್ಲಿ ಒಂದನ್ನು ಅಡಗಿಸಿ ಇನ್ನೊಂದನ್ನು ಎಬ್ಬಿಸುವ ಯುಕ್ತಿ. ‘ಪೆಟ್ಟು’ ಎಂದು ನಾವು ಸಲೀಸಾಗಿ ಹೇಳುವುದರಲ್ಲಿ ಇಷ್ಟು ಅಡಗಿದೆ.

ಈ ಐದು ಸ್ವರಗಳ ಪಾಕವು ಪೂರ್ಣವಾಗುವುದಕ್ಕೆ ಸ್ವಲ್ಪ ಅಂತರವು ಬೇಕು. ಮುಚ್ಚಿಗೆಗೆ ಅಂಗುಲ ದೂರದಲ್ಲಿ ಯಾರೂ ಕಿವಿಯಿಟ್ಟು ಮೃದಂಗವನ್ನು ಕೇಳುವುದಿಲ್ಲ. ಆದರೆ ಮೈಕು ಅಲ್ಲಿಯೇ ಕಿವಿಯಿಡುವುದು. ದೂರವಿಟ್ಟರೇನೆಂದರೆ, ಧ್ವನಿವರ್ಧಕದಿಂದ ಹೊರಟ ದನಿಯು ಮತ್ತೆ ಮೈಕಿಗೆ ಹೊಕ್ಕು, ಅದು ಮತ್ತೆ ಹೆಚ್ಚಿ, ಸುತ್ತಿ ಸುತ್ತಿ ಕೊನೆಗೆ ಕುಂಯ್ಯೆಂಬ ಕರ್ಕಶವಾದ ಊಳಾಗುವುದು. ಅದನ್ನು ತಪ್ಪಿಸಲು ಮೈಕನ್ನು ವಾದ್ಯದ ಸಮೀಪಕ್ಕೆ ತರುವರು, ಮತ್ತು ಒಂದೇ ದಿಕ್ಕಿಗೆ ಕಿವಿಗೊಡುವ ಜಾತಿಯ ಮೈಕನ್ನು ಬಳಸುವರು. ಈ ಜಾತಿಗೆ ಒಂದು ಸ್ವಭಾವದೋಷವುಂಟು: ನಾದಮೂಲವು ಹತ್ತಿರವಾದಷ್ಟೂ ತಗ್ಗುಸ್ವರಗಳನ್ನು ಇದ್ದುದಕ್ಕಿಂತ ಹೆಚ್ಚಾಗಿ ಉಬ್ಬಿಸುವುದು. ಪರಿಣಾಮವಾಗಿ ಎಡಮುಖದ ಗುಂಕಾರವು ಹೊಟ್ಟೆಯುಬ್ಬರಿಸಿದಂತೆ ದಪ್ಪಗಾಗಿ ಗೋಡೆಗಳನ್ನು ನಡುಗಿಸುವುದು. ಬಲಮುಖದಲ್ಲಿ ಸ್ವರಕ್ಕಿಂತ ಮೊದಲು ಬೆರಳಿನ ತಾಕಲಾಟವು ಕೇಳಿಸುವುದು. ತಾವರೆಯೆಲೆಯ ಮಳೆಹನಿಯು ತಗಡಿನ ಮಾಡಿನ ಆಲಿಕಲ್ಲಾಗುವುದು ಹೀಗೆ.

ಯಂತ್ರದ ದೋಷವನ್ನು ಜಾಣರು ತಿದ್ದಬಹುದು. ತಿದ್ದುವ ಜಾಣರೂ ಇದ್ದಾರೆ. ಮೈಕನ್ನು ಒಂದು ಗೇಣಾದರೂ ಸರಿಸಿ, ಮುಖದ ನಡುವಿಗೆ ನೇರವಾಗಿ ಹಿಡಿಯದೆ ಓರೆಯಾಗಿಟ್ಟು, ತಗ್ಗಿನ ಉಬ್ಬರವನ್ನು ತಿರುಪಿನಿಂದ ಇಳಿಸಿದರೆ ಬಹುಮಟ್ಟಿಗೆ ಸರಿಹೋಗುವುದೆಂದು ಬಲ್ಲವರು ಹೇಳುವರು. ನನಗೆ ಹೆಚ್ಚು ಚಿಂತೆಯಾಗಿರುವುದು ಅಧಿಕಾರದ ಪ್ರಶ್ನೆ. ಮೃದಂಗವು ಎಷ್ಟು ಕೇಳಿಸಬೇಕೆಂಬುದನ್ನು ಹಿಂದೆ ವಾದಕರ ಕೈ ನಿರ್ಣಯಿಸುತ್ತಿದ್ದಿತು. ಹತ್ತಾರು ವರ್ಷಗಳ ಗುರುಕುಲವಾಸದಲ್ಲಿ ಅವರು ಕಲಿತುದರಲ್ಲಿ ಅರ್ಧಭಾಗವು ಈ ನಿರ್ಣಯವೇ. ಈಗ ಅದು ಸಭಾಂಗಣದ ಮೂಲೆಯಲ್ಲಿ ಪೆಟ್ಟಿಗೆಯೊಂದರ ಮುಂದೆ ಕುಳಿತ ಮೈಕ್‌ಸೆಟ್ಟಿನವರ ಕೈಗೆ ಹೋಗಿದೆ. ನಮ್ಮ ಸೀಮೆಯ ಒಂದು ಮದುವೆಯ ಕಚೇರಿಯಲ್ಲಿ, ಗಾಯಕರು ನೀರವಲಿನಲ್ಲಿ ಪಲ್ಲವಿಸುತ್ತಿರುವಾಗ ವಾದಕರು ಬಹು ವಿವೇಕದಿಂದ ಕೈ ಹಗುರಮಾಡಿದರು. ಮೃದಂಗವು ಕೇಳಿಸುತ್ತಿಲ್ಲವೆಂದು ಭಾವಿಸಿದ ಆ ಹುಡುಗನು ಕೂಡಲೇ ತಿರುಪನ್ನು ಏರಿಸಿದನು. ವಾದಕರು ಇನ್ನೂ ಹಗುರಮಾಡಿದರು. ಅವನು ಇನ್ನೂ ಏರಿಸಿದನು. ಅವನ ತಪ್ಪೆನ್ನಲಾರೆ. ಮೌನವೂ ಮೃದಂಗದ ಒಂದು ಪಾಠವೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪಾಲ್ಘಾಟ್ ಮಣಿ ಅಯ್ಯರ್ (೧೯೧೨-೧೯೮೧) ಅವರು ಮೈಕನ್ನು ವಿರೋಧಿಸಿದುದು ಸಂಗೀತಲೋಕದಲ್ಲಿ ಪ್ರಸಿದ್ಧವಾದ ವಿಷಯ. ಬಾಲ್ಯದಲ್ಲಿಯೇ ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠಕ್ಕೆ ನುಡಿಸಿ ಬೆಳೆದವರು ಅವರು. ಮೈಕಿಲ್ಲದ ಕಚೇರಿಯಾದರೆ ಮಾತ್ರ ನುಡಿಸುವೆನೆಂದು ಒಂದು ಕಾಲದಲ್ಲಿ ಪಟ್ಟು ಹಿಡಿದರು. ಇದನ್ನು ಮೊಂಡುತನವೆಂದವರುಂಟು. ಆದರೆ ತಮ್ಮ ವಾದ್ಯದ ನಾದಕ್ಕಾಗಿ ಅವರು ಪಟ್ಟ ಶ್ರಮವನ್ನು ನೋಡಿದರೆ ಹಾಗೆನ್ನಲು ನಾಲಗೆ ಏಳದು. ತಂಜಾವೂರಿನ ಕುಶಲಿ ಪರ್ಲಾಂದು ಎಂಬುವರೊಡನೆ ಕುಳಿತು ಚರ್ಮದ ದಪ್ಪವೆಷ್ಟು, ಕರಣೆಯ ಹದವೆಂತು ಎಂದು ಅವರು ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಈ ಮೃದಂಗಕಾರರ ಮನೆತನಗಳ ಚರಿತ್ರೆಯನ್ನು ಟಿ. ಎಂ. ಕೃಷ್ಣ ಅವರು ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ೨೦೨೦ರ ಗ್ರಂಥದಲ್ಲಿ ಬರೆದಿರುವರು. ದಲಿತ ಕ್ರೈಸ್ತರಾದ ಅವರು ಗೋವಿನ, ಆಡಿನ, ಎಮ್ಮೆಯ ಚರ್ಮಗಳನ್ನು ಆರಿಸಿ, ಹದಮಾಡಿ, ನೇಯ್ದು ನಾದವನ್ನು ಹುಟ್ಟಿಸಿದರೂ ಅವರ ಹೆಸರು ಬಹುಕಾಲ ಯಾವ ವೇದಿಕೆಯಲ್ಲಿಯೂ ಕೇಳಿಬರಲಿಲ್ಲ. ಇದು ನಮ್ಮ ಸಂಗೀತಕ್ಕೆ ಶೋಭೆಯನ್ನು ತರುವ ಮಾತಲ್ಲ. ಅವರ ಕೈಯಿಂದ ಇಷ್ಟು ಕಷ್ಟದಲ್ಲಿ ಬಂದ ನಾದವನ್ನು ತಗಡಿನ ಸದ್ದಾಗಿ ಕೇಳಬೇಕಾದ ವಾದಕರಿಗೆ ಕೋಪ ಬಂದುದರಲ್ಲಿ ಆಶ್ಚರ್ಯವೇನು?

ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಈ ಕಥೆಯು ಕೊಂಚ ಬೇರೆಯಾಗಿ ನಡೆಯಿತು. ಅಲ್ಲಿ ಕರಣೆಯುಳ್ಳ ಮದ್ದಳೆಯ ಪಕ್ಕದಲ್ಲಿ ಚೆಂಡೆಯುಂಟು. ಗದ್ದೆಬಯಲಿನ ಆಚೆಯ ಊರಿಗೂ ಆಟದ ಸುದ್ದಿ ಮುಟ್ಟಿಸುವ ಕೆಲಸವನ್ನು ಅದು ಯಾವ ಯಂತ್ರದ ನೆರವೂ ಇಲ್ಲದೆ ಮಾಡುತ್ತಿದ್ದಿತು. ಭಾಗವತರೂ ಏರುಶ್ರುತಿಯವರು. ಡೇರೆ ಮೇಳಗಳ ಕಾಲದಲ್ಲಿ ಮೈಕು ಬಂದಾಗ ಹೆಚ್ಚು ಲಾಭ ಪಡೆದುದು ಮದ್ದಳೆ. ಚೆಂಡೆಯ ಅಬ್ಬರದಲ್ಲಿ ಮುಚ್ಚಿಹೋಗುತ್ತಿದ್ದ ಅದರ ಬೆರಳುಗಾರಿಕೆಯು ಶೃಂಗಾರ ಕರುಣಗಳ ಪದ್ಯಗಳಲ್ಲಿ ಮೊದಲ ಬಾರಿಗೆ ಸಭೆಗೆ ಬಿಡಿಬಿಡಿಯಾಗಿ ಕೇಳಿಸಿತು. ಭಾಗವತರು ತಗ್ಗಿ, ನಿಧಾನಿಸಿ, ರಾಗವನ್ನು ಹರಡಲು ತೊಡಗಿದರು. ಹಳಬರಲ್ಲಿ ಕೆಲವರು ಇದರಿಂದ ಆಟದ ಗತ್ತು ಇಳಿಯಿತೆನ್ನುವರು. ಇರಬಹುದು, ಮದ್ದಳೆಗಾರರು ಹಾಗೆನ್ನುವುದನ್ನು ಮಾತ್ರ ನಾನು ಕೇಳಿಲ್ಲ.

ಮೃದಂಗಕ್ಕೂ ಇಂಥ ಲಾಭವಾಗಿಲ್ಲವೆಂದರೆ ಅನ್ಯಾಯವಾಗುವುದು. ಎಡಮುಖದ ಮೇಲೆ ಅಂಗೈಯ ಬುಡವನ್ನು ಜಾರಿಸಿ ಎಬ್ಬಿಸುವ ಗುಮ್ಕಿಯು ಹಿಂದೆ ಮೊದಲ ನಾಲ್ಕು ಸಾಲಿನವರ ಸೊತ್ತಾಗಿದ್ದಿತು. ಈಗ ಸಾವಿರ ಜನರ ಸಭಾಂಗಣದಲ್ಲಿ ಕೊನೆಯ ಆಸನದಲ್ಲಿ ಕುಳಿತವರಿಗೂ ಅದು ಸಿಕ್ಕುವುದು. ತನಿಯಲ್ಲಿ ಬೆರಳುಗಳನ್ನು ಹಗುರವಾಗಿ ಓಡಿಸುವ ಮೃದುಶೈಲಿಯು ಬೆಳೆದುದೂ ಇದರಿಂದಲೇ. ಬಲಪ್ರಯೋಗಕ್ಕಾಗಿಯೇ ಮೀಸಲಾಗಿದ್ದ ತೋಳಿಗೆ ಬಿಡುವು ದೊರೆಯಿತು. ಚೆನ್ನೈನ ಮ್ಯೂಸಿಕ್ ಅಕಾಡೆಮಿಯ ಸಭಾಂಗಣವು ೧೯೬೨ರಲ್ಲಿ ತೆರೆಯಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವು ಆಮೇಲೆ ಬಂದಿತು. ಮೈಕಿಲ್ಲದ ಕಾಲದಲ್ಲಿ ಹಿಂದಣ ಸಾಲಿಗಾಗಿ ಮೂರು ತಂತಿಗಳನ್ನು ಹೆಚ್ಚಿಸಿದವರ ಹೆಸರಿನ ಆ ಭವನದಲ್ಲಿಯೂ ಈಗ ವೇದಿಕೆಯ ತುಂಬ ಮೈಕುಗಳೇ. ಕಾಲವು ಹಿಂದಕ್ಕೆ ಹೋಗದು.

ಆದರೂ ಈ ಎರಡು ನಗರಗಳಲ್ಲಿಯೂ ಕೆಲವು ರಸಿಕರು ಆಗಾಗ ಮೈಕಿಲ್ಲದ ಕಚೇರಿಗಳನ್ನು ಏರ್ಪಡಿಸುತ್ತಿರುವರು. ಮನೆಯ ಹಜಾರವೋ ಚಿಕ್ಕ ಸಭಾಗೃಹವೋ ಅದಕ್ಕೆ ಸ್ಥಳ. ಅಂಥ ಒಂದು ಕಚೇರಿಗೆ ಹೋಗುವ ಅವಕಾಶವು ನನಗೊಮ್ಮೆ ಒದಗಿತು. ಮೊದಲ ಹತ್ತು ನಿಮಿಷ ಎಲ್ಲವೂ ಮಂಕಾಗಿದೆಯೆಂದು ತೋರಿತು. ಪಕ್ಕದವರು ಕಿವಿಯ ಹಿಂದೆ ಅಂಗೈಯನ್ನಿಟ್ಟುಕೊಂಡರು. ವರ್ಣವು ಮುಗಿಯುವ ಹೊತ್ತಿಗೆ ಸಭೆಯ ಗುಜುಗುಜು ತಾನಾಗಿ ನಿಂತುಹೋಗಿದ್ದಿತು. ಮೃದಂಗದ ವಾದಕರು ಒಂದು ಕೀರ್ತನೆಯ ನಡುವೆ ರವೆಯ ಮುದ್ದೆಯನ್ನು ಕೊಂಚ ತೆಗೆದು, ಎಡಮುಖವನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದರು. ಆ ತಟ್ಟಿದುದೂ ನಮಗೆ ಕೇಳಿಸಿತು.